ಹ್ಯಾಂಡಿಕ್ಯಾಪ್ ಪಾರ್ಕಿಂಗ್ ಪಕ್ಕದ ಗೆರೆ ಪಟ್ಟಿಯಲ್ಲಿ ಕಾರು ನಿಲ್ಲಿಸಿ ಟಿಕೆಟ್ ಬಿತ್ತೇ? ಕ್ಯಾಲಿಫೋರ್ನಿಯಾದ ನಿಯಮ ಹೀಗಿದೆ

ವೈಪರ್ ಕೆಳಗೆ ಸಿಕ್ಕಿಸಿದ ಚೀಟಿಯಲ್ಲಿ 22507.8 ಎಂಬ ಸಂಖ್ಯೆ ಕಂಡರೆ, ಅದು ಮಾಮೂಲಿ ಪಾರ್ಕಿಂಗ್ ಟಿಕೆಟ್ ಅಲ್ಲ. ಕ್ಯಾಲಿಫೋರ್ನಿಯಾದ ವಾಹನ ಕಾನೂನಿನಲ್ಲಿ ಅಂಗವಿಕಲರ ಪಾರ್ಕಿಂಗ್ ಬಗ್ಗೆ ಇರುವ ಕಲಂ ಅದು. ಮೀಟರ್ ಅವಧಿ ಮುಗಿದಾಗ ಬೀಳುವ ದಂಡಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಮೊದಲ ಸಲಕ್ಕೇ 250ರಿಂದ 500 ಡಾಲರ್. ಎರಡನೇ ಸಲ 500ರಿಂದ 750. ಮೂರನೇ ಸಲದಿಂದ 750ರಿಂದ 1,000 ಡಾಲರ್. ಈ ಮಿತಿಯೊಳಗೆ ಊರಿನಿಂದ ಊರಿಗೆ ಮೊತ್ತ ಬೇರೆಯಾಗುತ್ತದೆ.

ವೀಲ್‌ಚೇರ್ ಚಿತ್ರದ ಮೇಲೆಯೇ ಕಾರು ನಿಲ್ಲಿಸಿದವರಿಗೆ ತಾವು ಮಾಡಿದ್ದೇನು ಅಂತ ಗೊತ್ತಿರುತ್ತದೆ. ತಲೆ ಕೆಡುವುದು ಅದರ ಪಕ್ಕದಲ್ಲಿ ನಿಲ್ಲಿಸಿದವರಿಗೆ. ಓರೆ ಗೆರೆ ಎಳೆದ ಖಾಲಿ ಪಟ್ಟಿ ಇರುತ್ತದಲ್ಲ, ಅಲ್ಲಿ. "ನಾನು ಅವರ ಜಾಗ ತಗೊಂಡೇ ಇಲ್ಲ, ಎರಡು ನಿಮಿಷ ಪಕ್ಕದಲ್ಲಿ ನಿಂತಿದ್ದೆ, ಅದಕ್ಕೂ ಇಷ್ಟು ದಂಡವೇ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಹೌದು ಅಂತಲೇ.

ಆ ಕಲಮಿನಲ್ಲಿ ಮೂರು ತಪ್ಪುಗಳನ್ನು ಬೇರೆ ಬೇರೆಯಾಗಿ ಹೇಳಲಾಗಿದೆ. ಪ್ಲೇಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ, ಕಾರಿನ ಕನ್ನಡಿಗೆ ನೇತು ಹಾಕುವ ಪರವಾನಗಿ ಚೀಟಿ) ಅಥವಾ ವಿಶೇಷ ನಂಬರ್ ಪ್ಲೇಟ್ ಇಲ್ಲದೆ ಮೀಸಲು ಜಾಗದಲ್ಲಿ ವಾಹನ ನಿಲ್ಲಿಸುವುದು ಮೊದಲನೆಯದು. ಆ ಜಾಗಕ್ಕೆ ಹೋಗುವ ದಾರಿಯನ್ನು ಅಡ್ಡಗಟ್ಟುವುದು ಎರಡನೆಯದು. ಪಕ್ಕದ ಗೆರೆ ಪಟ್ಟಿಯಲ್ಲಿ ನಿಲ್ಲಿಸುವುದು ಮೂರನೆಯದು. ಮೂರಕ್ಕೂ ದಂಡದ ಲೆಕ್ಕ ಒಂದೇ. ಪಕ್ಕದಲ್ಲಿ ನಿಂತದ್ದಕ್ಕೆ ರಿಯಾಯಿತಿ ಇಲ್ಲ.

ಆ ಪಟ್ಟಿ ಯಾಕೆ ಬೇಕು

ನೋಡಿದರೆ ಅದು ಉಳಿದ ಜಾಗದ ಹಾಗೆ ಕಾಣುತ್ತದೆ. ಕಾರು ಹಿಡಿಯುವಷ್ಟು ಅಗಲ ಇಲ್ಲದ್ದರಿಂದ ಗೆರೆ ಎಳೆದು ಬಿಟ್ಟಿದ್ದಾರೇನೋ ಅನ್ನಿಸುತ್ತದೆ. ನಿಜ ಏನೆಂದರೆ, ಮೀಸಲು ಜಾಗದಲ್ಲಿ ಅತಿ ಮುಖ್ಯವಾದ ಭಾಗವೇ ಅದು. ಮನೆಗೆ ಬಾಗಿಲಿದ್ದ ಹಾಗೆ. ಬಾಗಿಲಿಗೆ ಅಡ್ಡ ನಿಂತವನು "ನಾನು ಮನೆಯೊಳಗೆ ಕಾಲಿಟ್ಟೇ ಇಲ್ಲ" ಅಂದರೆ ಏನು ಪ್ರಯೋಜನ?

ಅಂಗವಿಕಲರ ಹಕ್ಕಿಗಾಗಿ ಅಮೆರಿಕದಲ್ಲಿ 1990ರಲ್ಲಿ ಬಂದ ಕಾನೂನನ್ನು ಎಲ್ಲರೂ ಎಡಿಎ ಅಂತ ಕರೆಯುತ್ತಾರೆ. ಅದರ ಅಡಿಯಲ್ಲಿ ಬಂದ 2010ರ ಮಾನದಂಡಗಳು ಪಾರ್ಕಿಂಗ್ ಜಾಗದ ಅಳತೆಯನ್ನು ಇಂಚಿನ ಲೆಕ್ಕದಲ್ಲಿ ಹೇಳುತ್ತವೆ. ಕಾರಿನ ಜಾಗ ಕಡಿಮೆ ಎಂದರೂ 96 ಇಂಚು, ಅಂದರೆ 8 ಅಡಿ ಅಗಲ ಇರಬೇಕು. ಪಕ್ಕದ ಪಟ್ಟಿ ಕನಿಷ್ಠ 60 ಇಂಚು, ಅಂದರೆ 5 ಅಡಿ. ವ್ಯಾನಿಗೆ ಇನ್ನೂ ಜಾಸ್ತಿ: 132 ಇಂಚಿನ ಜಾಗದ ಜತೆ 60 ಇಂಚಿನ ಪಟ್ಟಿ, ಇಲ್ಲವೇ 96 ಇಂಚಿನ ಜಾಗದ ಜತೆ 96 ಇಂಚಿನ ಪಟ್ಟಿ. ಪ್ರತಿ ಆರು ಮೀಸಲು ಜಾಗಗಳಲ್ಲಿ ಒಂದಾದರೂ ವ್ಯಾನಿಗೆ ಹೊಂದಬೇಕು. ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮ ಇದಕ್ಕಿಂತ ಒಂದು ಕೈ ಮೇಲು. ಅಲ್ಲಿ ಕಾರಿನ ಜಾಗವೇ 9 ಅಡಿ.

ಐದು ಅಡಿಯಲ್ಲಿ ಏನು ನಡೆಯುತ್ತದೆ ಅಂತ ನೋಡೋಣ. ವೀಲ್‌ಚೇರ್ ಬಳಸುವವರ ವ್ಯಾನಿನ ಪಕ್ಕದ ಬಾಗಿಲು ಸರಿಯುತ್ತದೆ. ಒಳಗಿಂದ ಇಳಿಜಾರು ಹಲಗೆಯೊಂದು ಹೊರಗೆ ಚಾಚಿ ನೆಲಕ್ಕೆ ತಾಗುತ್ತದೆ. ಅದರ ಮೇಲೆ ಚೇರ್ ಉರುಳಿಕೊಂಡು ಕೆಳಗೆ ಬರುತ್ತದೆ. ಬಂದ ಮೇಲೆ ಅದು ತಿರುಗಲು ಜಾಗ ಬೇಕು. ಹಲಗೆಗೆ ಮೂರ್ನಾಲ್ಕು ಅಡಿ ಹೋದರೆ ಚೇರ್ ತಿರುಗಲು ಉಳಿಯುವುದು ಎಷ್ಟು, ನೀವೇ ಲೆಕ್ಕ ಹಾಕಿ. ವ್ಯಾನ್ ಇಲ್ಲದೆ ಸಾಮಾನ್ಯ ಕಾರು ಓಡಿಸುವವರದು ಇನ್ನೊಂದು ಕಷ್ಟ. ಅವರು ಬಾಗಿಲನ್ನು ಪೂರ್ತಿ ತೆರೆದು, ಮಡಚಿಟ್ಟ ಚೇರನ್ನು ಎಳೆದು ಹೊರಗಿಟ್ಟು, ಬಿಡಿಸಿ, ಸೀಟಿನಿಂದ ಅದಕ್ಕೆ ಜಾರಿಕೊಳ್ಳಬೇಕು. ಬಾಗಿಲು ಅರ್ಧ ತೆರೆದರೆ ಈ ಕೆಲಸ ಆಗುವುದೇ ಇಲ್ಲ.

ಇಳಿಯುವಾಗ ಪಟ್ಟಿ ತುಂಬಿದ್ದರೆ ಬೇರೆ ಕಡೆ ಹೋಗಬಹುದು, ಸಿಟ್ಟಾದರೂ ದಾರಿ ಇದೆ. ಹತ್ತುವಾಗ ತುಂಬಿದ್ದರೆ ಆ ದಾರಿಯೂ ಇಲ್ಲ. ವೈದ್ಯರನ್ನು ನೋಡಿ ವಾಪಸ್ ಬರುವಷ್ಟರಲ್ಲಿ ಯಾರೋ ಪಟ್ಟಿಯಲ್ಲಿ ಕಾರು ನಿಲ್ಲಿಸಿ ಅಂಗಡಿಗೆ ಹೋಗಿರುತ್ತಾರೆ. ಹಲಗೆ ಬಿಚ್ಚಲು ಆಗುವುದಿಲ್ಲ. ತಮ್ಮ ಗಾಡಿ ಕಣ್ಣೆದುರಿಗೇ ಇದ್ದರೂ ಒಳಗೆ ಹೋಗಲು ಆಗುವುದಿಲ್ಲ. ಆ ಕಾರಿನ ಯಜಮಾನ ಬರುವ ತನಕ ಬಿಸಿಲಿರಲಿ ಮಳೆ ಇರಲಿ ಕಾಯಬೇಕು. "ಎರಡೇ ನಿಮಿಷ" ಎಂಬ ವಾದ ಅಧಿಕಾರಿಗಳ ಮುಂದೆ ನಡೆಯದಿರುವುದಕ್ಕೆ ಇದೇ ಕಾರಣ.

ಇನ್ನೆರಡು ಸಂಗತಿ. ಒಂದೇ ಪಟ್ಟಿಯನ್ನು ಎರಡು ಪಕ್ಕದ ಮೀಸಲು ಜಾಗಗಳು ಹಂಚಿಕೊಳ್ಳಬಹುದು ಅಂತ ನಿಯಮವೇ ಹೇಳುತ್ತದೆ. ಹಾಗಾಗಿ ಅಲ್ಲಿ ನಿಂತ ಒಂದು ಕಾರು ಎರಡು ಜಾಗ ಕೆಡಿಸುತ್ತದೆ. ಮತ್ತೆ, ಆ ಪಟ್ಟಿ ಹೆಚ್ಚುಕಡಿಮೆ ಸಮತಟ್ಟಾಗಿರಬೇಕು. ಇಳಿಜಾರು 48ಕ್ಕೆ 1ರಷ್ಟನ್ನು ಮೀರುವ ಹಾಗಿಲ್ಲ. ಅಲ್ಲಿಂದ ಕಟ್ಟಡದ ಬಾಗಿಲಿಗೆ ಮೆಟ್ಟಿಲಿಲ್ಲದ ದಾರಿಯೂ ಸೇರಿಕೊಂಡಿರಬೇಕು. ದೂರದಲ್ಲಿ ಹತ್ತಾರು ಮಾಮೂಲಿ ಜಾಗ ಖಾಲಿ ಇದ್ದರೂ ಅವರಿಗೆ ಉಪಯೋಗಕ್ಕೆ ಬರದಿರುವುದು ಇದಕ್ಕೇ.

ಯಾವ ಸಮಜಾಯಿಷಿಗಳು ನಡೆಯುವುದಿಲ್ಲ

ಕಾರಿನಲ್ಲೇ ಕೂತಿದ್ದೆ, ಎಂಜಿನ್ ಆನ್ ಇತ್ತು ಎಂಬುದು ಎಲ್ಲರೂ ಮೊದಲು ಹೇಳುವ ಮಾತು. ಕಲಂ ಬರೀ "ಪಾರ್ಕ್ ಮಾಡುವುದು" ಅಂತ ಹೇಳಿ ನಿಲ್ಲುವುದಿಲ್ಲ. ವಾಹನವನ್ನು ನಿಲ್ಲಿಸಿಕೊಂಡು ಬಿಡುವುದನ್ನೂ ಸೇರಿಸುತ್ತದೆ. ಡ್ರೈವರ್ ಸೀಟಿನಲ್ಲಿ ಇದ್ದದ್ದು ನಿಮ್ಮನ್ನು ಕಾಪಾಡುತ್ತದೆ ಅಂತ ನಂಬಿಕೊಂಡು ವಾದಕ್ಕೆ ಹೋಗಬೇಡಿ.

ಪಕ್ಕದ ಮೀಸಲು ಜಾಗ ಖಾಲಿ ಇತ್ತು, ಯಾರಿಗೂ ತೊಂದರೆ ಆಗಲಿಲ್ಲ ಎಂಬುದೂ ಅಷ್ಟೇ. ತೊಂದರೆ ಆಯಿತು ಅಂತ ಯಾರೂ ಸಾಬೀತು ಮಾಡಬೇಕಾಗಿಲ್ಲ. ಬೈಕ್ ಸಣ್ಣದು, ಮೂಲೆಯಲ್ಲಿ ಹಿಡಿಸುತ್ತದೆ ಎಂಬ ವಾದವೂ ಬೇಡ. ಯಾವುದೇ ವಾಹನ ಅಂದರೆ ಬೈಕೂ ಸೇರಿತು.

ಖಾಸಗಿ ಮಾಲ್‌ನ ಜಾಗದಲ್ಲಿ ಪೊಲೀಸರು ಟಿಕೆಟ್ ಹಾಕುವ ಹಾಗಿಲ್ಲ ಅಂತ ನಂಬಿದವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅದು ತಪ್ಪು. ಈ ಕಲಂ ಖಾಸಗಿ ಪಾರ್ಕಿಂಗ್ ಜಾಗಕ್ಕೂ ಅನ್ವಯಿಸುತ್ತದೆ. ಟಿಕೆಟ್ ಮಾತ್ರವಲ್ಲ, ಕಾರು ಟೋ ಆಗಿಯೂ ಹೋಗಬಹುದು. ಟೋ ಮಾಡಿದ ಖರ್ಚು, ಅಂಗಳದಲ್ಲಿ ಇಟ್ಟುಕೊಂಡ ಬಾಡಿಗೆ ಎರಡೂ ದಂಡಕ್ಕಿಂತ ಬೇರೆ.

ಎಲ್ಲರಿಗೂ ಆಶ್ಚರ್ಯವಾಗುವ ವಿಷಯ ಇನ್ನೊಂದಿದೆ. ಪ್ಲೇಕಾರ್ಡ್ ಇದ್ದವರೂ ಗೆರೆ ಪಟ್ಟಿಯಲ್ಲಿ ನಿಲ್ಲಿಸುವ ಹಾಗಿಲ್ಲ. ಮೀಸಲು ಜಾಗ ಎಲ್ಲ ತುಂಬಿದೆ, ಅಮ್ಮನ ಪ್ಲೇಕಾರ್ಡ್ ಕನ್ನಡಿಗೆ ನೇತು ಹಾಕಿದ್ದೇವೆ, ಪಕ್ಕದ ಪಟ್ಟಿಯಲ್ಲಿ ನಿಲ್ಲಿಸೋಣ ಅಂತ ಹೊರಡಬೇಡಿ. ಪ್ಲೇಕಾರ್ಡ್ ಇದ್ದರೆ ಫುಟ್‌ಪಾತ್ ಅಂಚಿಗೆ ನೀಲಿ ಬಣ್ಣ ಬಳಿದ ಜಾಗದಲ್ಲಿ ನಿಲ್ಲಿಸಬಹುದು. ಹಸಿರು ಅಂಚಿನಲ್ಲಿ ಸಮಯದ ಮಿತಿ ಇಲ್ಲದೆ ನಿಲ್ಲಿಸಬಹುದು. ರಸ್ತೆ ಬದಿಯ ಮೀಟರಿಗೆ ದುಡ್ಡು ಹಾಕಬೇಕಾಗಿಲ್ಲ. ಕೆಂಪು, ಹಳದಿ, ಬಿಳಿ ಅಂಚು ಮತ್ತು ಗೆರೆ ಪಟ್ಟಿ ಅವರಿಗೂ ನಿಷಿದ್ಧ.

ಯಾವ ವಾದ ಗೆಲ್ಲಬಹುದು

ಗೆರೆ ಸ್ಪಷ್ಟವಾಗಿತ್ತು, ಫಲಕ ಇತ್ತು, ನೀವೇ ನಿಲ್ಲಿಸಿದ್ದು ಎಂದಾದರೆ ಹಣ ಕಟ್ಟಿ ಮುಗಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ದಂಡ ದೊಡ್ಡದಿದೆ ಎಂಬ ಕಾರಣಕ್ಕೆ ಯಾವ ಅಧಿಕಾರಿಯೂ ಟಿಕೆಟ್ ರದ್ದು ಮಾಡುವುದಿಲ್ಲ. ಗೆಲ್ಲುವ ಅವಕಾಶ ಇರುವುದು ಜಾಗದ ಗುರುತಿನಲ್ಲಿ, ನಿಮ್ಮ ಬಳಿ ಇರುವ ಪ್ಲೇಕಾರ್ಡಿನಲ್ಲಿ, ಅಥವಾ ಟಿಕೆಟ್ ಬರೆದ ರೀತಿಯಲ್ಲಿ.

ಗುರುತಿನ ವಿಷಯಕ್ಕೆ ಬರೋಣ. ಗೆರೆ ಕಾಣುವ ಹಾಗಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಪಟ್ಟಿಯ ಅಂಚು ನೀಲಿ ಇರಬೇಕು. ಓರೆ ಗೆರೆಗಳು ನೆಲದ ಬಣ್ಣಕ್ಕಿಂತ ಎದ್ದು ಕಾಣಬೇಕು, ಒಂದಕ್ಕೊಂದು 36 ಇಂಚಿಗಿಂತ ದೂರ ಇರಬಾರದು. ಪಟ್ಟಿಯೊಳಗೆ "ನೋ ಪಾರ್ಕಿಂಗ್" ಎಂಬ ಅಕ್ಷರಗಳು ಕನಿಷ್ಠ 12 ಇಂಚು ಎತ್ತರದಲ್ಲಿ ಇರಬೇಕು. ಮೀಸಲು ಜಾಗಕ್ಕೆ ನೀಲಿ ಹಿನ್ನೆಲೆಯಲ್ಲಿ ಬಿಳಿ ವೀಲ್‌ಚೇರ್ ಚಿತ್ರದ ಫಲಕ, ನೆಲದ ಮೇಲೆ ವೀಲ್‌ಚೇರ್ ಚಿತ್ರ ಎರಡೂ ಇರಬೇಕು. ಬಣ್ಣ ಪೂರ್ತಿ ಮಾಸಿಹೋಗಿ, ಫಲಕವೂ ಇಲ್ಲದಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ. ಅಕ್ಷರ 12 ಇಂಚಿನ ಬದಲು 11 ಇಂಚು ಇತ್ತು ಅಂತ ಟೇಪ್ ಹಿಡಿದು ಅಳೆದುಕೊಂಡು ಹೋದರೆ ಗೆಲ್ಲುತ್ತೀರಿ ಅಂತ ನಾನು ಹೇಳುತ್ತಿಲ್ಲ. ಆ ಅಳತೆಗಳು ಕಟ್ಟಡದ ಯಜಮಾನನಿಗೆ ಹಾಕಿದ ನಿಯಮ. ವಿಚಾರಣೆ ಮಾಡುವವರು ಕೇಳುವ ಪ್ರಶ್ನೆ ಸರಳ: ಸಾಮಾನ್ಯ ಎಚ್ಚರದಿಂದ ಓಡಿಸುವ ಮನುಷ್ಯನಿಗೆ ಇದು ನಿಲ್ಲಿಸಬಾರದ ಜಾಗ ಅಂತ ತಿಳಿಯುತ್ತಿತ್ತೇ ಇಲ್ಲವೇ? ನಿಮ್ಮ ಸಾಕ್ಷಿ ಆ ಪ್ರಶ್ನೆಗೆ ಉತ್ತರ ಕೊಡಬೇಕು.

ಹಾಗಾಗಿ ಟಿಕೆಟ್ ಸಿಕ್ಕ ತಕ್ಷಣ, ಕಾರು ತೆಗೆಯುವ ಮೊದಲೇ ಫೋಟೋ ತೆಗೆಯಿರಿ. ಕಾರು ಮತ್ತು ಗೆರೆ ಎರಡೂ ಕಾಣುವ ಒಂದು ದೂರದ ಚಿತ್ರ ಬೇಕೇ ಬೇಕು. ಬರೀ ಹತ್ತಿರದಿಂದ ಮಾಸಿದ ಬಣ್ಣದ ಚಿತ್ರ ತೆಗೆದರೆ ಅದು ಎಲ್ಲಿಯದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವರ್ ಕಣ್ಣಿನ ಎತ್ತರದಿಂದ, ಜಾಗಕ್ಕೆ ಬರುವ ದಿಕ್ಕಿನಿಂದ ಒಂದು. ಫಲಕ ಇದ್ದರೆ ಅದು, ಇಲ್ಲದಿದ್ದರೆ ಇರಬೇಕಾಗಿದ್ದ ಖಾಲಿ ಕಂಬ ಅಥವಾ ಗೋಡೆ. ರಾತ್ರಿ ಟಿಕೆಟ್ ಬಿದ್ದಿದ್ದರೆ ರಾತ್ರಿಯ ಬೆಳಕಿನಲ್ಲೇ ತೆಗೆಯಿರಿ, ಮರುದಿನ ಬಿಸಿಲಿನಲ್ಲಿ ತೆಗೆದ ಚಿತ್ರ ನಿಮಗೇ ತಿರುಗಿ ಬೀಳಬಹುದು. ನಾಳೆ ಮಾಡೋಣ ಅಂತ ಬಿಟ್ಟರೆ ಅಷ್ಟರಲ್ಲಿ ಹೊಸ ಬಣ್ಣ ಬಳಿದಿದ್ದರೂ ಬಳಿದಿರಬಹುದು.

ಪ್ಲೇಕಾರ್ಡ್ ಇದ್ದೂ ನೇತು ಹಾಕಲು ಮರೆತವರಿಗೆ ಕಾನೂನು ಸ್ವಲ್ಪ ಕರುಣೆ ತೋರಿಸುತ್ತದೆ. ಟಿಕೆಟ್ ಬಿದ್ದ ಹೊತ್ತಿನಲ್ಲಿ ನಿಮಗೆ ಚಾಲ್ತಿಯಲ್ಲಿರುವ ಪ್ಲೇಕಾರ್ಡ್ ಕೊಟ್ಟಿದ್ದರು ಅಂತ ತೋರಿಸಿದರೆ, ಪೂರ್ತಿ ದಂಡದ ಬದಲು 25 ಡಾಲರ್ ಮೀರದ ಶುಲ್ಕ ತೆಗೆದುಕೊಂಡು ಟಿಕೆಟ್ ರದ್ದು ಮಾಡಲು ಇಲಾಖೆಗೆ ಅವಕಾಶ ಇದೆ. ಪ್ಲೇಕಾರ್ಡ್ ಜತೆ ಡಿಎಂವಿ (ರಾಜ್ಯದ ವಾಹನ ನೋಂದಣಿ ಇಲಾಖೆ) ಕೊಡುವ ಗುರುತಿನ ಚೀಟಿಯ ನಕಲನ್ನೂ ಸೇರಿಸಿ. ಇದು ಮೀಸಲು ಜಾಗದಲ್ಲಿ ನಿಲ್ಲಿಸಿದವರಿಗೆ. ಪಟ್ಟಿಯಲ್ಲಿ ನಿಲ್ಲಿಸಿದ್ದರೆ ಪ್ಲೇಕಾರ್ಡ್ ಇದ್ದದ್ದು ಉಪಯೋಗಕ್ಕೆ ಬರುವುದಿಲ್ಲ, ಅದನ್ನು ಆಗಲೇ ಹೇಳಿದೆ.

ಇನ್ನು ಟಿಕೆಟ್ಟಿನ ತಪ್ಪುಗಳು. ನಂಬರ್ ಪ್ಲೇಟ್, ದಿನ, ಸಮಯ, ಸ್ಥಳ, ಕಲಂ ಸಂಖ್ಯೆ ಎಲ್ಲ ಓದಿ ನೋಡಿ. ನಿಮ್ಮದಲ್ಲದ ಪ್ಲೇಟ್ ನಂಬರ್ ಬರೆದಿದ್ದರೆ, ನೀವು ಹೋಗೇ ಇಲ್ಲದ ಬೀದಿಯ ಹೆಸರಿದ್ದರೆ ಅದು ಗಟ್ಟಿ ಕಾರಣ. ಕಾರಿನ ಬಣ್ಣ ಬೂದು ಅನ್ನುವ ಬದಲು ಬೆಳ್ಳಿ ಅಂತ ಬರೆದಿದ್ದಾರೆ ಎಂಬಂಥದ್ದಕ್ಕೆ ಆಸೆ ಇಟ್ಟುಕೊಳ್ಳಬೇಡಿ.

ದಿನಾಂಕಗಳೇ ಮುಖ್ಯ

ವಾದ ಎಷ್ಟೇ ಗಟ್ಟಿ ಇರಲಿ, ಗಡುವು ದಾಟಿದರೆ ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ ಮೂರು ಹಂತ ಇವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವ ಹಾಗಿಲ್ಲ.

ಮೊದಲನೆಯದು ಆರಂಭಿಕ ಮರುಪರಿಶೀಲನೆ. ಟಿಕೆಟ್ ಕೊಟ್ಟ ದಿನದಿಂದ 21 ದಿನಗಳೊಳಗೆ ಕೇಳಬೇಕು. ಚೀಟಿ ಗಾಳಿಗೆ ಹಾರಿಹೋಗಿ ನಿಮಗೆ ಸಿಗದೆ, ಬಾಕಿ ನೋಟಿಸ್ ಅಂಚೆಯಲ್ಲಿ ಬಂದರೆ, ಅದನ್ನು ಅಂಚೆಗೆ ಹಾಕಿದ ದಿನದಿಂದ 14 ದಿನ. ರಜಾದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಫೋನ್ ಮಾಡಿ, ಪತ್ರ ಬರೆದು ಅಥವಾ ಖುದ್ದಾಗಿ ಹೋಗಿ ಕೇಳಬಹುದು. ಇದಕ್ಕೆ ಶುಲ್ಕ ಇಲ್ಲ. ನಾನಾದರೆ ಬರಹದಲ್ಲೇ ಕೇಳುತ್ತೇನೆ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ದಂಡ ಕಟ್ಟಿಬಿಟ್ಟು ಆಮೇಲೆ ವಾದಿಸೋಣ ಅಂತ ಮಾತ್ರ ಮಾಡಬೇಡಿ. ಕಟ್ಟಿದರೆ ಒಪ್ಪಿಕೊಂಡ ಹಾಗೆ ಲೆಕ್ಕ ಆಗುವ ಅಪಾಯ ಇದೆ.

ಪತ್ರ ಇಂಗ್ಲಿಷಿನಲ್ಲೇ ಇರಬೇಕಲ್ಲ, ಆದರೆ ತಿರುಳು ಹೀಗಿರಲಿ: "ಇಂಥ ದಿನ, ಇಂಥ ಸಮಯದಲ್ಲಿ ಈ ಟಿಕೆಟ್ ಸಿಕ್ಕಿತು. ನಾನು ನಿಲ್ಲಿಸಿದ ಜಾಗದಲ್ಲಿ ಓರೆ ಗೆರೆಗಳು ಅಳಿಸಿಹೋಗಿದ್ದವು. ನೋ ಪಾರ್ಕಿಂಗ್ ಅಕ್ಷರ ಇರಲಿಲ್ಲ. ಎರಡನೇ ಚಿತ್ರದಲ್ಲಿ ಡ್ರೈವರ್ ಕಡೆಯಿಂದ ಜಾಗ ಹೇಗೆ ಕಾಣುತ್ತದೆ ನೋಡಿ. ಈ ಕಾರಣಕ್ಕೆ ಟಿಕೆಟ್ ರದ್ದು ಮಾಡಬೇಕೆಂದು ಕೋರುತ್ತೇನೆ." ಇಷ್ಟು ಸಾಕು. ಇಪ್ಪತ್ತು ವರ್ಷದಿಂದ ಒಂದೂ ಟಿಕೆಟ್ ಇಲ್ಲ, ಮಗಳಿಗೆ ಜ್ವರ ಇತ್ತು, ಆ ಅಧಿಕಾರಿ ಒರಟಾಗಿ ಮಾತಾಡಿದ, ಇವೆಲ್ಲ ಸೇರಿಸಿದರೆ ಮುಖ್ಯ ಮಾತು ಮುಳುಗಿಹೋಗುತ್ತದೆ.

ಈ ಹಂತದಲ್ಲಿ ಪತ್ರ ಓದುವವರು ಟಿಕೆಟ್ ಹಾಕಿದ ಇಲಾಖೆಯ ಕಡೆಯವರೇ. ಇಲ್ಲಿ ಸೋತರೆ ಕೈ ಬಿಡಬೇಕಿಲ್ಲ. ಫಲಿತಾಂಶ ಅಂಚೆಗೆ ಹಾಕಿದ ದಿನದಿಂದ 21 ದಿನಗಳಲ್ಲಿ ಆಡಳಿತಾತ್ಮಕ ವಿಚಾರಣೆ ಕೇಳಬಹುದು. ಇಲ್ಲಿ ಒಂದು ಕಹಿ ಗುಳಿಗೆ ಇದೆ: ದಂಡದ ಮೊತ್ತವನ್ನು ಮುಂಚಿತವಾಗಿ ಠೇವಣಿ ಇಡಬೇಕು. ಗೆದ್ದರೆ ವಾಪಸ್ ಬರುತ್ತದೆ. ಅಷ್ಟು ಹಣ ಇಲ್ಲ ಅಂತ ದಾಖಲೆ ಸಮೇತ ತೋರಿಸಿದರೆ ಠೇವಣಿಯಿಂದ ವಿನಾಯಿತಿ ಸಿಗುತ್ತದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ವಿಚಾರಣೆಗೆ ಖುದ್ದಾಗಿ ಹೋಗಬಹುದು, ಅಥವಾ ಬರಹದ ಮೂಲಕವೇ ಮುಗಿಸಬಹುದು. ನೀವು ಕೇಳಿದ 90 ದಿನಗಳಲ್ಲಿ ಅದು ನಡೆಯಬೇಕು.

ಟಿಕೆಟ್ ಬರೆದ ಅಧಿಕಾರಿ ಬರದಿದ್ದರೆ ಕೇಸು ಬಿದ್ದುಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸ ಮಾಡುವುದಿಲ್ಲ. ವೇಗದ ಮಿತಿ ಮೀರಿದ ಟಿಕೆಟ್ಟುಗಳ ಕಥೆ ಕೇಳಿ ಜನ ಹಾಗೆ ಅಂದುಕೊಂಡಿರುತ್ತಾರೆ. ಪಾರ್ಕಿಂಗ್ ವಿಚಾರಣೆಯಲ್ಲಿ ಅಧಿಕಾರಿ ಬರಲೇಬೇಕೆಂದಿಲ್ಲ. ಸರಿಯಾಗಿ ಬರೆದ ಟಿಕೆಟ್ ಮತ್ತು ಕಾರಿನ ಮಾಲೀಕರು ಯಾರೆಂಬ ಡಿಎಂವಿ ದಾಖಲೆ, ಇವೆರಡೇ ಮೇಲ್ನೋಟಕ್ಕೆ ತಪ್ಪಿನ ಪುರಾವೆ. ಅದನ್ನು ಅಲ್ಲಗಳೆಯುವ ಭಾರ ನಿಮ್ಮ ಮೇಲಿರುತ್ತದೆ. ಫೋಟೋ ಇಲ್ಲದೆ ಬರೀ ಬಾಯಿಮಾತಿಗೆ ಹೋದವರು ಸೋಲುವುದು ಹೀಗೆ.

ಮೂರನೆಯದು ಸುಪೀರಿಯರ್ ಕೋರ್ಟ್. ವಿಚಾರಣೆಯ ತೀರ್ಪು ಬಂದ 30 ದಿನಗಳೊಳಗೆ 25 ಡಾಲರ್ ಕಟ್ಟಿ ಮೇಲ್ಮನವಿ ಹಾಕಬಹುದು. ಅಲ್ಲಿ ಹೊಸದಾಗಿ ಕೇಳುತ್ತಾರೆ, ಆದರೆ ಹಿಂದಿನ ಕಡತವೂ ಮೇಜಿನ ಮೇಲಿರುತ್ತದೆ. ಗೆದ್ದರೆ ಆ 25 ಡಾಲರೂ ವಾಪಸ್.

ವೀಸಾ, ಬಾಡಿಗೆ ಕಾರು ಮತ್ತು ಊರಿಂದ ಬಂದ ಅಪ್ಪ ಅಮ್ಮ

ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇರುವವರಿಗೆ ಇಂಥ ಚೀಟಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪಾರ್ಕಿಂಗ್ ಟಿಕೆಟ್ ಸಿವಿಲ್ ದಂಡ. ಬಂಧನ ಅಲ್ಲ, ಲೈಸೆನ್ಸ್‌ಗೆ ಪಾಯಿಂಟ್ ಬೀಳುವುದಿಲ್ಲ. ಕಟ್ಟಿದ ರಸೀದಿ ಅಥವಾ ರದ್ದಾದ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಸಾಕು.

ನಿಜವಾಗಿ ಭಯಪಡಬೇಕಾದ್ದು ಬೇರೆಯವರ ಪ್ಲೇಕಾರ್ಡ್ ಬಳಸುವುದಕ್ಕೆ. ಅತ್ತೆ ಮನೆಯಲ್ಲೇ ಇದ್ದಾರೆ, ಅವರ ಪ್ಲೇಕಾರ್ಡ್ ಹಾಕಿಕೊಂಡು ನೀವೊಬ್ಬರೇ ಅಂಗಡಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಇದಕ್ಕೆ 250ರಿಂದ 1,000 ಡಾಲರ್ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಇದು ಕ್ರಿಮಿನಲ್ ಪ್ರಕರಣ ಆಗುವ ಸಾಧ್ಯತೆ ಇದೆ, ಆಗ ವೀಸಾದ ಚಿಂತೆ ಸುಮ್ನೆ ಚಿಂತೆ ಅಲ್ಲ. ವಕೀಲರ ಜತೆ ಮಾತಾಡದೆ ಏನನ್ನೂ ಒಪ್ಪಿಕೊಳ್ಳಬೇಡಿ.

ಅಪ್ಪನಿಗೋ ಅಮ್ಮನಿಗೋ ಮಂಡಿ ಆಪರೇಷನ್ ಆಗಿ ನಡೆಯಲು ಕಷ್ಟವಾಗಿದ್ದರೆ ತಾತ್ಕಾಲಿಕ ಪ್ಲೇಕಾರ್ಡ್‌ಗೆ ಡಿಎಂವಿಯಲ್ಲಿ ಕೇಳಿ ನೋಡಿ. ಆರ್‌ಇಜಿ 195 ಎಂಬ ಅರ್ಜಿ ಅದಕ್ಕೆ, ವೈದ್ಯರ ಪ್ರಮಾಣ ಬೇಕಾಗುತ್ತದೆ. ಕೆಂಪು ಬಣ್ಣದ ಈ ಪ್ಲೇಕಾರ್ಡ್ 180 ದಿನಗಳವರೆಗೆ ನಡೆಯುತ್ತದೆ. ಕಾರು ಓಡಿಸುವವರು ಅವರೇ ಆಗಬೇಕಿಲ್ಲ, ಕಾರಿನಲ್ಲಿ ಅವರು ಇರಬೇಕು.

ಬಾಡಿಗೆ ಕಾರಿಗೆ ಟಿಕೆಟ್ ಬಿದ್ದರೆ ಕಂಪನಿಗೆ ನೋಟಿಸ್ ಹೋಗುವ ತನಕ ಕಾಯಬೇಡಿ. ಕಾರಿನ ದಾಖಲೆ ಅವರ ಹೆಸರಿನಲ್ಲಿ ಇದೆ. ಅವರು ದಂಡ ಕಟ್ಟಿ, ಅದರ ಮೇಲೆ ತಮ್ಮದೊಂದು ನಿರ್ವಹಣಾ ಶುಲ್ಕ ಸೇರಿಸಿ ನಿಮ್ಮ ಕಾರ್ಡಿಗೆ ಹಾಕಿಬಿಡಬಹುದು. ಅಷ್ಟರಲ್ಲಿ 21 ದಿನ ಕಳೆದಿರುತ್ತದೆ. ಚೀಟಿ ಕೈಗೆ ಸಿಕ್ಕ ದಿನವೇ ನೀವೇ ಕಟ್ಟಿ, ಇಲ್ಲವೇ ಮರುಪರಿಶೀಲನೆ ಕೇಳಿ, ಕಂಪನಿಗೂ ಒಂದು ಇಮೇಲ್ ಹಾಕಿ.

ಚೀಟಿಯ ಮೇಲ್ಭಾಗದಲ್ಲಿ ಯಾರು ಕೊಟ್ಟದ್ದು ಅಂತಲೂ ನೋಡಿ. ನಗರ, ಕೌಂಟಿ, ವಿಶ್ವವಿದ್ಯಾಲಯ ಅಥವಾ ಪೊಲೀಸ್ ಇಲಾಖೆಯ ಹೆಸರಿದ್ದರೆ ಮೇಲೆ ಹೇಳಿದ್ದೆಲ್ಲ ಅನ್ವಯ. ಖಾಸಗಿ ಪಾರ್ಕಿಂಗ್ ಕಂಪನಿಯ ಹೆಸರು ಮಾತ್ರ ಇದ್ದರೆ ಅದು ಸರ್ಕಾರಿ ಟಿಕೆಟ್ ಅಲ್ಲ. ನಿಮ್ಮ ಮತ್ತು ಆ ಕಂಪನಿಯ ನಡುವಿನ ಬಾಕಿ ವ್ಯವಹಾರ ಅದು, ಅದರ ದಾರಿಯೇ ಬೇರೆ.

ಸರ್ಕಾರಿ ಟಿಕೆಟ್ಟನ್ನು ಡ್ರಾಯರಿನಲ್ಲಿ ಹಾಕಿ ಮರೆತರೆ ಮೊದಲು ತಡವಾದ ದಂಡ ಸೇರುತ್ತದೆ. ಆಮೇಲೆ ಡಿಎಂವಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಮುಂದೆ ಆ ಬಾಕಿ ತೀರಿಸುವ ತನಕ ಕಾರಿನ ನೋಂದಣಿ ನವೀಕರಣ ಆಗುವುದಿಲ್ಲ. ಕಡಿಮೆ ಆದಾಯದವರು ಕಂತಿನಲ್ಲಿ ಕಟ್ಟುವ ಸೌಲಭ್ಯಕ್ಕೆ ಟಿಕೆಟ್ ಕೊಟ್ಟ ಇಲಾಖೆಯಲ್ಲೇ ಅರ್ಜಿ ಹಾಕಬಹುದು. ಬಾಕಿ ಡಿಎಂವಿಗೆ ಹೋಗುವ ಮೊದಲೇ ಹಾಕಿದರೆ ನೋಂದಣಿಯ ಪೇಚಾಟ ತಪ್ಪುತ್ತದೆ.